ಪಾಲಹಳ್ಳಿಯ ಸಕ್ಕರೆಯೂ ಹರಳಿನ ಕಟ್ಟೂ

ಸಕ್ಕರೆಯು ನೀರಿನಲ್ಲಿ ಕರಗಿದಾಗ ಏನಾಗುವುದೆಂದು ಕೇಳಿದರೆ, “ಅದರ ಪರಮಾಣುಗಳು ಬೇರೆಬೇರೆಯಾಗುವುವು” ಎಂದು ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಪ್ರತಿವರ್ಷವೂ ಬರೆಯುತ್ತಾರೆ. ಇದು ತಪ್ಪೆಂಬುದಕ್ಕೆ ಪಾಲಹಳ್ಳಿಯೇ ಸಾಕ್ಷಿ.

ಶ್ರೀರಂಗಪಟ್ಟಣದ ಬಳಿಯ ಆ ಊರಿನಲ್ಲಿ ಗ್ರೋವ್ಸ್ ಕಂಪನಿಯವರು 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿದರು. ರೈತರು ಮಾಡಿದ ಬೆಲ್ಲವನ್ನು ಶುದ್ಧಿಮಾಡಿ ಸಕ್ಕರೆ ತೆಗೆಯುವುದೇ ಅಲ್ಲಿಯ ಕೆಲಸ. ಆ ಸಕ್ಕರೆಗೆ 1851ರ ಲಂಡನ್ ವಸ್ತುಪ್ರದರ್ಶನದಲ್ಲಿ ಪದಕವೂ ದೊರೆಯಿತು. ಕಾರ್ಖಾನೆಯು ಮುಚ್ಚಿ ಬಹುಕಾಲವಾಯಿತು. ಅದರ ಪಾಠವು ಉಳಿದಿದೆ. ಬೆಲ್ಲವನ್ನು ಕರಗಿಸಿದರೆ ಅದರೊಳಗಣ ಸಕ್ಕರೆಯೂ ಕರಗುವುದು. ಶೋಧಿಸಿದ ಪಾಕವನ್ನು ಬತ್ತಿಸಿ ಆರಿಸಿದರೆ ಅದೇ ಸಕ್ಕರೆಯು ಹರಳಾಗಿ ಮರಳಿ ಬರುವುದು. ಕರಗಿದಾಗಲೇ ಪರಮಾಣುಗಳು ಚೆದರಿಹೋಗಿದ್ದರೆ ಇದು ಸಾಧ್ಯವೆ?

ಸಕ್ಕರೆಯ ಒಂದು ಅಣುವಿನಲ್ಲಿ 12 ಇಂಗಾಲ, 22 ಜಲಜನಕ, 11 ಆಮ್ಲಜನಕ, ಅಂತು 45 ಪರಮಾಣುಗಳುಂಟು. ಇವು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಬಿಗಿಯಾಗಿ ಕೂಡಿವೆ. ಅಕ್ಕಪಕ್ಕದ ಇಂಗಾಲಗಳ ನಡುವಣ ದೂರವು ಸುಮಾರು 1.5 ಆಂಗ್‌ಸ್ಟ್ರಂ, ಒಂದು ಆಂಗ್‌ಸ್ಟ್ರಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. ಅಣುವಿಗೂ ಅಣುವಿಗೂ ಇರುವ ಕಟ್ಟಾದರೋ ಬೇರೆ. ಒಂದರ ಜಲಜನಕವನ್ನು ನೆರೆಯ ಅಣುವಿನ ಆಮ್ಲಜನಕವು ಸೆಳೆದು ನಿಲ್ಲಿಸುತ್ತದೆ. ಅಲ್ಲಿ ಆಮ್ಲಜನಕದಿಂದ ಆಮ್ಲಜನಕಕ್ಕೆ ಸುಮಾರು 2.8 ಆಂಗ್‌ಸ್ಟ್ರಂ ದೂರ. ಬಲವು ಒಳಗಿನ ಕಟ್ಟಿನ ಹತ್ತರಲ್ಲೊಂದಕ್ಕೂ ಕಡಮೆ. ನೀರು ಬಿಡಿಸುವುದು ಈ ಹೊರಗಟ್ಟನ್ನು ಮಾತ್ರ. ಒಳಗಟ್ಟು ಮುರಿಯುವುದನ್ನು ನೋಡಬೇಕಾದರೆ ಬಾಣಲೆಯಲ್ಲಿ ಒಣ ಸಕ್ಕರೆಯನ್ನು ಕಾಯಿಸಿರಿ. ಸೀದು ಕಪ್ಪಾಗಿ ಕಹಿಯಾದುದು ಎಷ್ಟು ನೀರೆರೆದರೂ ಸಕ್ಕರೆಯಾಗದು.

ಉಪ್ಪಿನ ವಿಷಯ ಹೀಗಲ್ಲ. ಅದರ ಹರಳಿನಲ್ಲಿ ಅಣುಗಳೇ ಇಲ್ಲ. ಸೋಡಿಯಂ, ಕ್ಲೋರಿನ್ ಅಯಾನುಗಳು 2.82 ಆಂಗ್‌ಸ್ಟ್ರಂ ಅಂತರದಲ್ಲಿ ಸರದಿಯಾಗಿ ನಿಂತಿವೆ. ಈ ವಿನ್ಯಾಸವನ್ನು 1913ರಲ್ಲಿ ಎಕ್ಸ್ ಕಿರಣಗಳಿಂದ ಕಂಡುಕೊಂಡ ಕಿರಿಯ ಬ್ರಾಗ್ ಅವರಿಗೆ ಆಗ ಇಪ್ಪತ್ಮೂರು ವಯಸ್ಸು. ಉಪ್ಪು ಕರಗಿದರೆ ಅಯಾನುಗಳೇ ಅಗಲುತ್ತವೆ. ಬಹುಶಃ ಉಪ್ಪಿನ ಪಾಠವನ್ನು ಮೊದಲು ಹೇಳಿ ಮಕ್ಕಳ ತಪ್ಪಿಗೆ ದಾರಿ ಮಾಡಿದವರು ಉಪಾಧ್ಯಾಯಿನಿಯರಾದ ನಾವೇ!

ಹರಳು ಶುದ್ಧವಾಗುವುದೇಕೆ? ಬೆಳೆಯುವ ಹರಳಿನ ಮೈಮೇಲೆ ಸಕ್ಕರೆಯ ಅಣುವಿಗೆ ಒಪ್ಪುವಂಥ ಎಡೆಗಳೇ ಇರುತ್ತವೆ. ಬೆಲ್ಲದಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್, ಬಣ್ಣದ ಪದಾರ್ಥಗಳು ಅಲ್ಲಿ ಸರಿಯಾಗಿ ಕೂಡಲಾರದೆ ಬಹುಪಾಲು ಕಾಕಂಬಿಯಲ್ಲೇ ಉಳಿಯುತ್ತವೆ. ಆದರೆ ಅವಸರ ಕೂಡದು. ಆಲೆಮನೆಯಲ್ಲಿ ಬಿಸಿ ಪಾಕವನ್ನು ತಿರುವಿ ಬೇಗನೆ ಅಚ್ಚಿಗೆ ಹೊಯ್ಯುವುದರಿಂದ ಹರಳುಗಳು ಸಣ್ಣವಾಗಿಯೇ ನಿಂತು, ಕಾಕಂಬಿಯು ಅವುಗಳ ನಡುವೆ ಸಿಕ್ಕಿಕೊಳ್ಳುವುದು. ದೊಡ್ಡ ಹರಳು ಬೇಕಾದವರು ದಟ್ಟವಾದ ಸಕ್ಕರೆ ಪಾಕದಲ್ಲಿ ಒಂದು ದಾರವನ್ನು ಇಳಿಬಿಟ್ಟು, ಒಂದು ವಾರ ಪಾತ್ರೆಯನ್ನು ಅಲುಗಿಸದಿರಲಿ.