ಕಾಲದೃಷ್ಟಿ ಮತ್ತು ವಿದ್ಯಾರ್ಥಿಗಳ ವಿಳಂಬ ಪ್ರವೃತ್ತಿ

ಇಂದು ಮಾಡತಕ್ಕ ಅಭ್ಯಾಸವನ್ನು ನಾಳೆಗೆ ನೂಕುವ ವಿದ್ಯಾರ್ಥಿಯನ್ನು ಸೋಮಾರಿಯೆಂದು ಕರೆಯುವುದು ಲೋಕರೂಢಿ. ಆದರೆ ಸೋಮಾರಿಗೆ ಕೆಲಸದ ಚಿಂತೆಯೇ ಇರುವುದಿಲ್ಲ. ವಿಳಂಬಿಸುವವನನ್ನಾದರೋ ಅದು ಹಗಲಿರುಳೂ ಕಾಡುತ್ತದೆ. ಓದಬೇಕೆಂಬ ಇಚ್ಛೆಯಿದ್ದೂ, ಓದದಿದ್ದರೆ ಕೇಡೆಂದು ತಿಳಿದೂ ಅವನು ಪುಸ್ತಕವನ್ನು ತೆರೆಯಲಾರನು. ಇದರ ಮೂಲವನ್ನು ಕಾಲವನ್ನು ಅವನು ಕಾಣುವ ಬಗೆಯಲ್ಲಿ ಅರಸಬೇಕು.

ಮನಶ್ಶಾಸ್ತ್ರಜ್ಞರಾದ ಫಿಲಿಪ್ ಜಿಂಬಾರ್ಡೊ ಮತ್ತು ಜಾನ್ ಬಾಯ್ಡ್ ಅವರು 1999ರಲ್ಲಿ ಮಾನವನ ಕಾಲದೃಷ್ಟಿಯನ್ನು ಐದು ಬಗೆಯಾಗಿ ವಿಂಗಡಿಸಿದರು: ಕಳೆದುದನ್ನು ನೆನೆದು ಹಿಗ್ಗುವುದು, ನೆನೆದು ಕೊರಗುವುದು, ಈ ಕ್ಷಣದ ಸುಖದಲ್ಲಿ ಮೈಮರೆಯುವುದು, ಎಲ್ಲವೂ ಹಣೆಬರಹವೆಂದು ಕೈಚೆಲ್ಲುವುದು, ಮುಂದಿನದಕ್ಕೆ ಇಂದೇ ಅಣಿಯಾಗುವುದು. ಫ್ಯೂಷಿಯಾ ಸಿರೋಯಿಸ್ ಅವರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪರಿಶೀಲಿಸಿದಾಗ, ಭವಿಷ್ಯದೃಷ್ಟಿ ಕ್ಷೀಣವಾಗಿರುವವರಲ್ಲಿ ವಿಳಂಬ ಪ್ರವೃತ್ತಿ ಪ್ರಬಲವಾಗಿರುವುದು ಕಂಡುಬಂದಿತು.

1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಹುಬ್ಬಳ್ಳಿ-ಧಾರವಾಡಗಳ ಕಾಲೇಜುಗಳಿಗೂ ರೈತರ ಮಕ್ಕಳು ಬಹುಸಂಖ್ಯೆಯಲ್ಲಿ ಬಂದಿದ್ದಾರೆ. ಕಾಲದ ಬೆಲೆ ಅವರಿಗೆ ಹೊಸತಲ್ಲ. ಉತ್ತರಿ, ಹಸ್ತ ಮಳೆಗಳ ಹದದಲ್ಲಿ ಹಿಂಗಾರಿ ಜೋಳವನ್ನು ಬಿತ್ತದಿದ್ದರೆ ಫಸಲು ಕೈತಪ್ಪುವುದೆಂಬುದನ್ನು ಅವರು ಬಾಲ್ಯದಿಂದಲೇ ಬಲ್ಲರು. ಹೊಲದಲ್ಲಿ ಹದವರಿತವನು ಓದಿನಲ್ಲಿ ಹದ ತಪ್ಪುವುದೇಕೆ? ರೈತನ ಪಂಚಾಂಗವು ವರ್ಷವನ್ನು 13-14 ದಿನಗಳ ಮಳೆ ನಕ್ಷತ್ರಗಳಾಗಿ ವಿಭಾಗಿಸಿದೆ. ಪ್ರತಿ ಪಕ್ಷಕ್ಕೂ ಅದರದೇ ಕೆಲಸವುಂಟು. ವಿದ್ಯಾರ್ಥಿಯ ಕಣ್ಣಿಗಾದರೋ ತಿಂಗಳುಗಳಾಚೆಯ ಪರೀಕ್ಷೆಯೊಂದೇ ಗೋಚರಿಸುತ್ತದೆ. ದೂರದ ಬೆಟ್ಟ ನುಣ್ಣಗೆ.

2002ರಲ್ಲಿ ಪ್ರಕಟವಾದ ಅಮೆರಿಕೆಯ ಪ್ರಯೋಗವೊಂದು ಇದನ್ನೇ ಸೂಚಿಸುತ್ತದೆ. ಮೂರು ಬರಹಗಳ ತಪ್ಪು ತಿದ್ದುವ ಕೆಲಸದಲ್ಲಿ ವಾರಕ್ಕೊಂದರಂತೆ ಗಡುವು ಪಡೆದವರು, ಎಲ್ಲವನ್ನೂ ಕಡೆಗೆ ಒಪ್ಪಿಸಬಹುದಾದವರಿಗಿಂತ ಹೆಚ್ಚು ತಪ್ಪುಗಳನ್ನು ಕಂಡುಹಿಡಿದರು. ಆದ್ದರಿಂದ ಅಧ್ಯಾಪಕರು ಸೆಮಿಸ್ಟರಿನ ಹೊರೆಯನ್ನು ಪಕ್ಷಪಕ್ಷಕ್ಕೂ ಹಂಚಿ, ಪ್ರತಿಯೊಂದು ಭಾಗವನ್ನೂ ಆಯಾ ದಿನವೇ ನೋಡಿ ತಿದ್ದಿಕೊಡುವುದು ಲೇಸು.

ಎರಡನೆಯ ಮಾತು ಇನ್ನೂ ಸೂಕ್ಷ್ಮವಾದುದು. ಕೆನಡಾದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊದಲ ಪರೀಕ್ಷೆಗೆ ಓದದೆ ಕಳೆದ ತಪ್ಪಿಗೆ ತಮ್ಮನ್ನು ತಾವೇ ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ವಿಳಂಬಿಸಿದರು. ಮನೆತನದಲ್ಲಿ ಮೊದಲಿಗನಾಗಿ ಕಾಲೇಜು ಮೆಟ್ಟಿಲೇರಿದ ಬಡ ಹುಡುಗನು ಒಮ್ಮೆ ನಪಾಸಾದಾಗ, 'ಇದು ನಮ್ಮಂಥವರಿಗಲ್ಲ' ಎಂದುಕೊಂಡು ಊರಿಗೆ ಮರಳುವ ಅಪಾಯವುಂಟು. ಆ ಗಳಿಗೆಯಲ್ಲಿ ಬೈಗುಳವು ಅವನ ಹಣೆಬರಹದ ನಂಬಿಕೆಯನ್ನೇ ಬಲಪಡಿಸುವುದು. 'ಹೋದದ್ದು ಹೋಯಿತು, ಇಂದು ಈ ಒಂದು ಪಾಠ ಓದು' ಎಂಬ ಗುರುವಿನ ಮಾತು ಅವನನ್ನು ಉಳಿಸಬಲ್ಲದು.

ಧಾರವಾಡದ ಮುರುಘಾಮಠದಲ್ಲಿ ಪೂಜ್ಯ ಮೃತ್ಯುಂಜಯ ಅಪ್ಪಗಳು ಬಡ ವಿದ್ಯಾರ್ಥಿಗಳಿಗೆ ಅನ್ನ, ಆಶ್ರಯಗಳನ್ನಿತ್ತು ಅವರ ಭವಿಷ್ಯಕ್ಕೆ ದಾರಿ ಮಾಡಿಕೊಟ್ಟರು. ಹಸಿದವನಿಗೆ ನಾಳೆ ಕಾಣದು. ಉಂಡವನಿಗೂ ಅದನ್ನು ತೋರಿಸುವವರು ಬೇಕು. ದಾನಿಗಳು ಮೊದಲನೆಯದನ್ನು ನೀಡುತ್ತ ಬಂದಿದ್ದಾರೆ. ಎರಡನೆಯದು ಅಧ್ಯಾಪಕರ ಕಾಯಕ.