ನೆಂಟರಲ್ಲದ ಇಬ್ಬರು

ಪ್ರೀತಿಯ ಮಗಳೇ,

ಕೆನಡಾ ಪಾಸ್‌ಪೋರ್ಟ್ ರಿನ್ಯೂವಲ್ ಅರ್ಜಿಗೆ ನನ್ನ ಹೆಸರು, ದೊಡ್ಡಪ್ಪನ ಹೆಸರು ರೆಫರೆನ್ಸ್ ಅಂತ ಹಾಕಲೇ ಎಂದು ಕೇಳಿದ್ದೀಯ. ಹಾಕಬೇಡ. ನಿನ್ನನ್ನು ತೊಟ್ಟಿಲಲ್ಲಿದ್ದಾಗಿನಿಂದ ಬಲ್ಲವಳು ನಾನು, ಆದರೂ ನಿಯಮ ನನ್ನನ್ನು ಒಪ್ಪುವುದಿಲ್ಲ. ರಕ್ತಸಂಬಂಧ, ಮದುವೆಯ ನಂಟು, ದತ್ತು, ಇವುಗಳಲ್ಲಿ ಯಾವುದಿದ್ದರೂ ಆಗದು. ನಿನ್ನ ನಾದಿನಿ, ಓರಗಿತ್ತಿ, ಸೋದರತ್ತೆಯ ಮಗ, ಯಾರೂ ಆಗುವುದಿಲ್ಲ. ಒಬ್ಬರ ಬೆನ್ನಿಗೆ ಒಬ್ಬರು ಬಂದು ಒಂದೇ ಊರಲ್ಲಿ ನೆಲೆಸುವ ನಮ್ಮಂಥವರಿಗೆ ಇದು ತೊಡಕೇ ಸರಿ. ಫೋನಿನಲ್ಲಿರುವ ಮೊದಲ ಹತ್ತು ನಂಬರುಗಳೂ ನೆಂಟರವೇ.

ಬೇಕಾದವರು ಇಬ್ಬರೇ. 18 ವರ್ಷ ತುಂಬಿರಬೇಕು, ನಿನ್ನನ್ನು ಕನಿಷ್ಠ 2 ವರ್ಷದಿಂದ ಬಲ್ಲವರಾಗಿರಬೇಕು. ಡಾಕ್ಟರು, ವಕೀಲರು ಅಂತ ದೊಡ್ಡ ಹುದ್ದೆಯವರನ್ನು ಹುಡುಕಿಕೊಂಡು ಹೋಗಬೇಡ, ಅಂಥ ಷರತ್ತೇ ಇಲ್ಲ. ವರ್ಷಕ್ಕೊಮ್ಮೆ ಯುಗಾದಿ ಕಾರ್ಯಕ್ರಮದಲ್ಲಿ ಕೈಮುಗಿಯುವ ಗಣ್ಯರಿಗಿಂತ, ಹಿಮ ಬಿದ್ದ ಬೆಳಿಗ್ಗೆ ನಿನ್ನ ಮನೆಯ ಮುಂದಿನದನ್ನೂ ಸೇರಿಸಿ ತೆಗೆದು ಹೋಗುವ ಪಕ್ಕದ ಮನೆಯವರು ಮೇಲು. ನೀನು ಯಾರು, ಎಲ್ಲಿ ಕೆಲಸ ಮಾಡುತ್ತೀಯ, ಎಷ್ಟು ವರ್ಷದಿಂದ ಆ ಮನೆಯಲ್ಲಿದ್ದೀಯ ಎಂದು ಅವರು ತಡವರಿಸದೆ ಹೇಳಬಲ್ಲರು. ಇನ್ನೊಬ್ಬರು ಹಳೆಯ ಸಹೋದ್ಯೋಗಿಯಾಗಲಿ, ಮಕ್ಕಳ ಕನ್ನಡ ತರಗತಿಯ ಮೇಷ್ಟರಾಗಲಿ. ಒಂದೇ ಮನೆಯಲ್ಲಿರುವವರು ಮಾತ್ರ ಬೇಡ ಅಂತ ನನ್ನ ಅಭಿಪ್ರಾಯ.

ಮೊದಲ ಪಾಸ್‌ಪೋರ್ಟ್ ಮಾಡಿಸುವಾಗ ಗ್ಯಾರಂಟರ್ ಒಬ್ಬರು ಅರ್ಜಿಗೂ ಫೋಟೊದ ಹಿಂಬದಿಗೂ ಸಹಿ ಹಾಕಿದ್ದು ನಿನಗೆ ನೆನಪಿರಬಹುದು. ರಿನ್ಯೂವಲ್‌ಗೆ ಗ್ಯಾರಂಟರ್ ಬೇಕಿಲ್ಲ. ರೆಫರೆನ್ಸ್ ಆಗುವ ಈ ಇಬ್ಬರೂ ಎಲ್ಲಿಯೂ ಸಹಿ ಹಾಕುವುದಿಲ್ಲ. ಅದಕ್ಕೇ ಎಷ್ಟೋ ಜನ ಅವರನ್ನು ಒಂದು ಮಾತೂ ಕೇಳದೆ ಹೆಸರು, ವಿಳಾಸ, ಫೋನ್ ನಂಬರ್ ಗೀಚಿಬಿಡುತ್ತಾರೆ. ಇದು ನನಗೆ ಸುತರಾಂ ಹಿಡಿಸುವುದಿಲ್ಲ. ನಿಯಮವೂ ಅವರ ಒಪ್ಪಿಗೆ ಬೇಕು ಎನ್ನುತ್ತದೆ. ಅದಿರಲಿ, ಇನ್ನೊಬ್ಬರ ವಿಳಾಸವನ್ನು ಸರ್ಕಾರದ ಕಾಗದಕ್ಕೆ ಸೇರಿಸುವ ಮುನ್ನ ಕೇಳುವುದು ಮರ್ಯಾದೆಯಲ್ಲವೇ?

ಕೇಳದಿದ್ದರೆ ಏನಾದೀತು ನೋಡು. ಮಧ್ಯಾಹ್ನದ ಹೊತ್ತು ಗೊತ್ತಿಲ್ಲದ ನಂಬರಿನಿಂದ ಅವರಿಗೆ ಕರೆ ಬರುತ್ತದೆ. ಸರ್ಕಾರಿ ಕಚೇರಿಯಿಂದ ಮಾತಾಡುತ್ತಿದ್ದೇವೆ ಎಂದರೆ ಸಾಕು, ಮೋಸದ ಕರೆಗಳಿಂದ ರೋಸಿಹೋದವರು ಫೋನ್ ಇಟ್ಟೇಬಿಡುತ್ತಾರೆ. ಅವರದೇನೂ ತಪ್ಪಿಲ್ಲ, ಆದರೆ ನಿನ್ನ ಅರ್ಜಿ ಅಲ್ಲಿಗೆ ನಿಲ್ಲಬಹುದು. ಊರಿನಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂತ ಟಿಕೆಟ್ ಹುಡುಕುವ ಗಳಿಗೆಯಲ್ಲಿ ಹೀಗಾಗಬಾರದು, ಮಗಳೇ. ಎದುರಿಗೆ ಕೂತು ಹೇಳು: ನಿಮ್ಮ ಹೆಸರು ಕೊಡುತ್ತಿದ್ದೇನೆ, ಮುಂದಿನ ಕೆಲವು ವಾರ ಕರೆ ಬಂದರೂ ಬರಬಹುದು, ದಯವಿಟ್ಟು ತೆಗೆದುಕೊಳ್ಳಿ. ಆ ಸಮಯದಲ್ಲಿ ಅವರು ಊರಿಗೆ ಹೊರಟಿದ್ದಾರೆಯೇ, ನಂಬರ್ ಬದಲಾಗಿದೆಯೇ ಎಂಬುದನ್ನೂ ವಿಚಾರಿಸು. ಹಿಂಜರಿದರೆ ಬಲವಂತ ಮಾಡದೆ ಬೇರೊಬ್ಬರನ್ನು ಕೇಳು.

ಹಳೆಯ ಅರ್ಜಿಯ ನಕಲು ನೋಡಿ ಅದೇ ಹೆಸರುಗಳನ್ನು ಇಳಿಸಲೂಬೇಡ. 2013ರಿಂದ ಕೆನಡಾದಲ್ಲಿ ದೊಡ್ಡವರಿಗೆ 10 ವರ್ಷದ ಪಾಸ್‌ಪೋರ್ಟ್ ಸಿಗುತ್ತಿದೆ. ಅಷ್ಟು ವರ್ಷದಲ್ಲಿ ಜನ ಮನೆ ಬದಲಿಸುತ್ತಾರೆ, ಕೆಲವರು ಕ್ಯಾಲ್ಗರಿಗೋ ಬೆಂಗಳೂರಿಗೋ ಹೋಗಿರುತ್ತಾರೆ, ಸಂಪರ್ಕವೇ ತಪ್ಪಿರುತ್ತದೆ.

ನಿನ್ನ ಪುಟ್ಟನ ಪಾಸ್‌ಪೋರ್ಟಿಗೆ ಈ ಸುಲಭದ ದಾರಿ ಇಲ್ಲ. ಮಕ್ಕಳದು ರಿನ್ಯೂ ಆಗುವುದಿಲ್ಲ, ಪ್ರತಿ ಸಲವೂ ಹೊಸ ಅರ್ಜಿ, ಗ್ಯಾರಂಟರೂ ಬೇಕು. ಅವನದು ಯಾವಾಗ ಮುಗಿಯುತ್ತದೆಂದು ಇವತ್ತೇ ತೆಗೆದು ನೋಡಿ ನನಗೆ ತಿಳಿಸು.

ಇಂತಿ ನಿನ್ನ
ದೊಡ್ಡಮ್ಮ