ಬಣ್ಣದ ಹತ್ತಿ: ಸಹಜ ಬಣ್ಣವೂ ಎಳೆಯ ಗುಣವೂ

ವಡಗೇರಾ, ಶಹಾಪುರ, ಸುರಪುರ ಭಾಗದ ಎರೆಭೂಮಿಯಲ್ಲಿ ಹತ್ತಿ ಎಂದರೆ ಬಿಳಿ ಹತ್ತಿಯೆಂದೇ ರೂಢಿ. ಗಿಡದಲ್ಲಿಯೇ ಕಂದು ಅಥವಾ ಹಸಿರು ಬಣ್ಣ ತಳೆಯುವ ಹತ್ತಿಯೂ ಉಂಟು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಡಿಡಿಸಿಸಿ-1 ಎಂಬ ಕಂದು ಬಣ್ಣದ ದೇಶಿ ತಳಿಯನ್ನು ಅಭಿವೃದ್ಧಿಪಡಿಸಿದೆ. ಬಟ್ಟೆಗೆ ಬಣ್ಣ ಹಾಕುವ ಖರ್ಚು ಉಳಿಯುವುದು ನಿಜ. ಆದರೆ ಈ ಬಣ್ಣವು ಎಳೆಯ ಗುಣವನ್ನೂ ಬದಲಿಸುತ್ತದೆ. ಬೆಳೆಯಬಯಸುವ ರೈತರು ಇದನ್ನು ಮೊದಲು ತಿಳಿಯಬೇಕು.

ಎಳೆಯ ರಚನೆ

ಹತ್ತಿಯ ಪ್ರತಿ ಎಳೆಯೂ ಬೀಜದ ಸಿಪ್ಪೆಯಿಂದ ಬೆಳೆದ ಒಂದೇ ಜೀವಕೋಶ. ಅದರ ಗೋಡೆ ಮುಖ್ಯವಾಗಿ ಸೆಲ್ಯುಲೋಸಿನದು. ಸಾವಿರಾರು ಗ್ಲೂಕೋಸ್ ಘಟಕಗಳು ಸರಪಳಿಯ ಕೊಂಡಿಗಳಂತೆ ಕೂಡಿ ಸೆಲ್ಯುಲೋಸ್ ಆಗುತ್ತದೆ. ಇಂತಹ ವಸ್ತುವಿಗೆ ಪಾಲಿಮರ್ ಎನ್ನುತ್ತಾರೆ. ಗೋಡೆಯಲ್ಲಿ ಸೆಲ್ಯುಲೋಸ್ ಚೆನ್ನಾಗಿ ತುಂಬಿದರೆ ಎಳೆ ಗಟ್ಟಿಯಾಗುತ್ತದೆ.

ಕಂದು ಹತ್ತಿಗೆ ಬಣ್ಣ ಕೊಡುವುದು ಟ್ಯಾನಿನ್. ಜಾಲಿಯ ತೊಗಟೆಯಲ್ಲಿರುವಂತಹ ಒಗರು ಪದಾರ್ಥ. ಕಾಯಿ ಒಡೆದು ಗಾಳಿ, ಬಿಸಿಲು ತಗುಲಿದಂತೆ ಬಣ್ಣ ಗಾಢವಾಗುತ್ತದೆ. ಹಸಿರು ಹತ್ತಿಯಲ್ಲಿ ಸೆಲ್ಯುಲೋಸ್ ಪದರಗಳ ನಡುವೆ ಮೇಣದಂತಹ ಪದರಗಳಿರುತ್ತವೆ. ಬಣ್ಣದ ವಸ್ತು ಅಲ್ಲಿದೆ.

ಗುಣಾವಗುಣಗಳು

ಬಣ್ಣದ ಹತ್ತಿಯಲ್ಲಿ ಸೆಲ್ಯುಲೋಸಿನ ಪಾಲು ಕಡಿಮೆ. ಹಸಿರಿನಲ್ಲಿ ಇನ್ನೂ ಕಡಿಮೆ. ಆದ್ದರಿಂದ ಎಳೆ ಸಾಮಾನ್ಯವಾಗಿ ಗಿಡ್ಡ, ಬಲವೂ ಕಡಿಮೆ. ನೂಲುವಾಗ ಬಿಳಿ ಹತ್ತಿಯೊಡನೆ ಬೆರೆಸುವುದು ಇದಕ್ಕಾಗಿಯೇ.

ಲಾಭವೂ ಇದೆ. ಬಣ್ಣದ ವಸ್ತುವು ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರುವುದರಿಂದ, ಚಲುವೆ ಮಾಡಿದ ಬಿಳಿ ಬಟ್ಟೆಗಿಂತ ಇದು ಚರ್ಮಕ್ಕೆ ಹೆಚ್ಚು ರಕ್ಷಣೆ ಕೊಡುತ್ತದೆ. ಕಂದು ಹತ್ತಿಗೆ ಬೆಂಕಿಯನ್ನು ತಡೆಯುವ ಗುಣವೂ ಬಿಳಿಗಿಂತ ಹೆಚ್ಚು. ಸೋಡಾ ನೀರಿನಲ್ಲಿ ಕುದಿಸಿದರೆ ಕಂದು ಬಣ್ಣ ಮತ್ತಷ್ಟು ಗಾಢವಾಗುತ್ತದೆ. ಹಸಿರು ಮಾತ್ರ ಬಿಸಿಲಿಗೆ ಬೇಗ ಮಾಸುತ್ತದೆ.

ಬೆಳೆಯುವವರಿಗೆ ಸೂಚನೆಗಳು

1. ಬಿತ್ತುವ ಮೊದಲೇ ಖರೀದಿದಾರರನ್ನು ಗೊತ್ತುಮಾಡಿಕೊಳ್ಳಿರಿ. ಸಾಮಾನ್ಯ ಮಾರುಕಟ್ಟೆಯಲ್ಲಿ ಇದನ್ನು ಕಲೆ ಬಿದ್ದ ಅರಳೆಯೆಂದು ತಳ್ಳಿಹಾಕಬಹುದು.

2. ದೇಶಿ ಹತ್ತಿಯಲ್ಲಿ 26, ಅಮೆರಿಕನ್ ಹತ್ತಿಯಲ್ಲಿ 52 ವರ್ಣತಂತುಗಳಿರುವುದರಿಂದ ಇವೆರಡೂ ಸುಲಭವಾಗಿ ಬೆರೆಯುವುದಿಲ್ಲ. ಆದರೆ ಅಮೆರಿಕನ್ ಗುಂಪಿನ ಬಣ್ಣದ ತಳಿಯ ಪರಾಗವನ್ನು ಜೇನುನೊಣಗಳು ನೆರೆಯ ಬಿಳಿ ಹತ್ತಿಗೆ ಒಯ್ಯುತ್ತವೆ. ಬೆರಕೆಯು ಆ ವರ್ಷದ ಅರಳೆಯಲ್ಲಿ ಕಾಣದು. ಅದೇ ಬೀಜ ಬಿತ್ತಿದರೆ ಮುಂದಿನ ಬೆಳೆಯಲ್ಲಿ ಕಾಣುತ್ತದೆ. ಬೀಜಕ್ಕಾಗಿ ಬೆಳೆಯುವ ಹೊಲದಿಂದ ದೂರವಿಡಿರಿ.

3. ಬಿಡಿಸುವಾಗ ಚೀಲ, ಸಂಗ್ರಹಿಸುವಾಗ ಕೋಣೆ ಬೇರೆಯಿರಲಿ. ಜಿನ್ನನ್ನು ಸ್ವಚ್ಛಮಾಡಿಸಿಯೇ ಅರಳೆ ಹಾಕಿಸಿರಿ. ಸ್ವಲ್ಪ ಕಂದು ಎಳೆ ಸೇರಿದರೂ ಬಿಳಿ ಅಂಡಿಗೆಯ ದರ್ಜೆ ಇಳಿದು ನೆರೆಯವರಿಗೂ ನಷ್ಟ.

ಮೊದಲ ವರ್ಷ ಇಡೀ ಹೊಲಕ್ಕೆ ಹಾಕದೆ ಸಣ್ಣ ತಾಕಿನಲ್ಲಿ ಬೆಳೆದು ನೋಡುವುದು ಲೇಸು. ಹೆಚ್ಚಿನ ಮಾಹಿತಿಗೆ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯ ಅಥವಾ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ವಿಚಾರಿಸಬಹುದು.